ಹಳೆಯ ಚಹರೆಯ ರೇಡಿಯೊದಲ್ಲಿ ಶಾರ್ಟ್‌ವೇವ್

ಮರದ ಪೆಟ್ಟಿಗೆ, ಬಟ್ಟೆ ಹೊದಿಸಿದ ಸ್ಪೀಕರ್, ಹಳದಿ ಬೆಳಕಿನ ಡಯಲ್, ಎರಡು ದಪ್ಪ ನಾಬ್. 1950ರ ದಶಕದ ರೇಡಿಯೊವನ್ನು ನೆನಪಿಗೆ ತರುವ ಇಂಥ ಮೇಜಿನ ರೇಡಿಯೊಗಳು ಈಗ ಮತ್ತೆ ಅಂಗಡಿಗೆ ಬಂದಿವೆ. ಕೊಳ್ಳುವವರು ಹೆಚ್ಚಾಗಿ ಅಂದಕ್ಕೆ ಮನಸೋತವರು, ಅದರಲ್ಲಿ ತಪ್ಪೇನಿಲ್ಲ. ಆದರೆ ಡಯಲ್ ಮೇಲೆ ‘ಎಸ್‌ಡಬ್ಲ್ಯು’ ಎಂದು ಬರೆದಿರುವುದನ್ನು ನೋಡಿ, ಹಿಂದೆ ಮನೆಯ ಹಿರಿಯರು ರೇಡಿಯೊ ಸಿಲೋನ್ ಹಾಕುತ್ತಿದ್ದಂತೆ ಇದರಲ್ಲೂ ದೂರದ ದೇಶಗಳು ಕೇಳುತ್ತವೆಂದು ನಂಬಿ ಕೊಂಡವರಿಗೆ ಬೇಸರವಾಗುವುದುಂಟು. ಮುಳ್ಳು ಎಲ್ಲಿ ನಿಂತರೂ ಗೊರಗೊರ ಸದ್ದು, ನಡುವೆ ಮೂರು ಸ್ಟೇಷನ್ ಒಂದರ ಮೇಲೊಂದು. ಕೊನೆಗೆ ಎಫ್‌ಎಂಗೆ ತಿರುಗಿಸಿ ಸುಮ್ಮನಾಗುತ್ತಾರೆ.

ಹಳೆಯ ರೇಡಿಯೊದ ಆ ರೂಪಕ್ಕೆ ಕಾರಣಗಳಿದ್ದವು. ಅಗಲವಾದ ಗಾಜು, ಭಾರದ ನಾಬ್, ಹಸಿರು ಕಣ್ಣು, ಬೆನ್ನಿನಲ್ಲಿದ್ದ ಏರಿಯಲ್ ತೂತು, ಇವೆಲ್ಲ ಶಾರ್ಟ್‌ವೇವ್ ಹಿಡಿಯುವ ಕಷ್ಟಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯಗಳು. ಹೊಸ ರೇಡಿಯೊ ಅವುಗಳಲ್ಲಿ ಯಾವುದನ್ನು ಉಳಿಸಿಕೊಂಡಿದೆ, ಯಾವುದನ್ನು ಬರೀ ಚಿತ್ರವಾಗಿ ಅಂಟಿಸಿಕೊಂಡಿದೆ ಎಂದು ಗುರುತಿಸಲು ಬಂದರೆ ಆಯ್ಕೆ ಸುಲಭವಾಗುತ್ತದೆ.

ಆಕಾಶದ ಚಾವಣಿ

ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್ ನಡುವಿನ ರೇಡಿಯೊ ಅಲೆಗಳು. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 9.6 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 31 ಮೀಟರ್. ‘31 ಮೀಟರ್ ಬ್ಯಾಂಡ್’ ಎಂಬ ಮಾತು ಬಂದದ್ದು ಹೀಗೆ.

ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ಹೋಗಿ ಮುಗಿಯುತ್ತದೆ. ಶಾರ್ಟ್‌ವೇವ್ ಹಾಗಲ್ಲ. ನೆಲದಿಂದ ಸುಮಾರು 60 ಕಿಲೋಮೀಟರ್ ಎತ್ತರದಿಂದ ಮೇಲೆ, ಸೂರ್ಯನ ಕಿರಣಗಳು ಗಾಳಿಯ ಕಣಗಳನ್ನು ಒಡೆದು ವಿದ್ಯುದಾವೇಶದ ಪದರಗಳನ್ನು ಮಾಡಿರುತ್ತವೆ. ಇದೇ ಅಯಾನುಗೋಳ. ಅದರ ಎಫ್ ಪದರ ಶಾರ್ಟ್‌ವೇವನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳಿಸುತ್ತದೆ. ಒಂದು ನೆಗೆತಕ್ಕೆ ಹೆಚ್ಚೆಂದರೆ 4,000 ಕಿಲೋಮೀಟರ್. ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಪುಟಿಯುತ್ತ ಆಚೆ ದಡ ಸೇರುವಂತೆ, ಈ ಅಲೆಯೂ ನೆಲಕ್ಕೂ ಆಕಾಶಕ್ಕೂ ಪುಟಿಯುತ್ತ ಖಂಡ ದಾಟುತ್ತದೆ. ಇಂಥ ಪದರವೊಂದು ಇರಬೇಕೆಂದು 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದರು. 1924ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟ ಎಡ್ವರ್ಡ್ ಆಪಲ್‌ಟನ್‌ಗೆ 1947ರಲ್ಲಿ ನೊಬೆಲ್ ಬಂತು. ಕೋಲ್ಕತ್ತದಲ್ಲಿ ಶಿಶಿರ್ ಕುಮಾರ್ ಮಿತ್ರ ಇದೇ ವಿಷಯದ ಸಂಶೋಧನೆಗೆ ಬದುಕನ್ನೇ ಕೊಟ್ಟರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರ ಹೆಸರು ಇನ್ನಷ್ಟು ದೊಡ್ಡದಾಗಿ ಇರಬೇಕಿತ್ತು.

ಈ ಚಾವಣಿ ಗಳಿಗೆಗೊಂದು ಬಗೆ. ಹಗಲಿನಲ್ಲಿ ತೀರ ಕೆಳಗಿನ ಡಿ ಪದರ ದಟ್ಟವಾಗಿದ್ದು ಕಡಿಮೆ ಆವರ್ತನದ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಬೇಗನೆ ಕರಗುತ್ತದೆ. ಆದ್ದರಿಂದ 49 ಮತ್ತು 41 ಮೀಟರ್ ಬ್ಯಾಂಡ್‌ಗಳು ರಾತ್ರಿಗೆ, 19, 16, 13 ಮೀಟರ್‌ಗಳು ಹಗಲಿಗೆ. ನಡುವಿನ 31 ಮತ್ತು 25 ಮೀಟರ್ ಸಂಜೆ ಮತ್ತು ಮುಂಜಾನೆ ತುಂಬಿ ತುಳುಕುತ್ತವೆ. ಮಧ್ಯಾಹ್ನ ಎರಡು ಗಂಟೆಗೆ 49 ಮೀಟರ್ ತಿರುಗಿಸಿ ‘ಏನೂ ಬರುವುದಿಲ್ಲ’ ಎಂದು ರೇಡಿಯೊವನ್ನು ದೂರಿದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಇದರ ಜೊತೆಗೆ ಸುಮಾರು 11 ವರ್ಷಗಳ ಸೌರಚಕ್ರವೂ ಇದೆ. ಸೂರ್ಯನ ಕಲೆಗಳು ಹೆಚ್ಚಿದ ವರ್ಷಗಳಲ್ಲಿ ಮೇಲಿನ ಬ್ಯಾಂಡ್‌ಗಳು ಜೀವ ತುಂಬಿಕೊಳ್ಳುತ್ತವೆ.

ಶಾರ್ಟ್‌ವೇವ್‌ನ ಈ ನೆಗೆತದ ಫಲವನ್ನು ಇಡೀ ಭಾರತ ಕಿವಿಯಾರೆ ಉಂಡಿದೆ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ಕೇಳುಗರು ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ನೆಟ್ಟಿದ್ದ ಪ್ರಸಾರ ಕೇಂದ್ರವನ್ನು ವಹಿಸಿಕೊಂಡು ಬೆಳೆದ ರೇಡಿಯೊ ಸಿಲೋನ್, ಅದೇ 1952ರ ಡಿಸೆಂಬರಿನಲ್ಲಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಶುರುಮಾಡಿತು. ಅದರ ನಿರೂಪಕ ಅಮೀನ್ ಸಯಾನಿಯವರ ದನಿ ಕೊಲಂಬೊದಿಂದ ಬೆಳಗಾವಿಗೂ ಭೋಪಾಲಕ್ಕೂ ಒಂದೇ ನೆಗೆತದಲ್ಲಿ ಬಂದಿಳಿಯುತ್ತಿತ್ತು. ಐದು ವರ್ಷ ಕಳೆದು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಆ ಕೇಳುಗರನ್ನು ಮರಳಿ ಕರೆಯಲು. ಆ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟಬೇಕಿತ್ತು, ಕಟ್ಟಿ ಕೇಳುತ್ತಿದ್ದರು.

ನಾಲ್ಕು ಮಿಲಿಮೀಟರಿನಲ್ಲಿ ನೂರು ಸ್ಟೇಷನ್

ಇನ್ನು ಡಯಲ್‌ಗೆ ಬರೋಣ. ಹೊಸ ರೇಡಿಯೊಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಒಂದು ಸಣ್ಣ ಲೆಕ್ಕ ಮಾಡಿ. 31 ಮೀಟರ್ ಬ್ಯಾಂಡ್ 9.4ರಿಂದ 9.9 ಮೆಗಾಹರ್ಟ್ಸ್‌ವರೆಗೆ, ಅಂದರೆ 500 ಕಿಲೋಹರ್ಟ್ಸ್ ಅಗಲ. ಶಾರ್ಟ್‌ವೇವ್ ಸ್ಟೇಷನ್‌ಗಳು 5 ಕಿಲೋಹರ್ಟ್ಸ್‌ಗೊಂದರಂತೆ ಕೂರುತ್ತವೆ. ಅಲ್ಲಿಗೆ ಈ ಒಂದು ಬ್ಯಾಂಡಿನಲ್ಲೇ ನೂರು ಜಾಗ. ಈಗ ನಿಮ್ಮ ರೇಡಿಯೊದ ಡಯಲ್ 10 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ ‘ಎಸ್‌ಡಬ್ಲ್ಯು 6–18’ ಎಂದು ಬರೆದಿದೆ ಎನ್ನೋಣ. 12,000 ಕಿಲೋಹರ್ಟ್ಸ್ ಆ 10 ಸೆಂಟಿಮೀಟರಿನಲ್ಲಿ ಹರಡಿಕೊಂಡರೆ 31 ಮೀಟರ್ ಬ್ಯಾಂಡಿಗೆ ಸಿಗುವುದು ಸುಮಾರು 4 ಮಿಲಿಮೀಟರ್. ನಾಲ್ಕು ಮಿಲಿಮೀಟರಿನಲ್ಲಿ ನೂರು ಸ್ಟೇಷನ್! ಬೆರಳು ಅಲುಗಿದರೆ ಹತ್ತು ಸ್ಟೇಷನ್ ದಾಟಿಹೋಗುತ್ತವೆ.

ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ ರೇಡಿಯೊಗಳ ಗಾಜು ಅಷ್ಟು ಅಗಲವಿದ್ದದ್ದು ಇದಕ್ಕಾಗಿ. ನಾಬ್‌ನ ಕಡ್ಡಿಗೆ ಸುತ್ತಿದ ದಾರವೊಂದು ದೊಡ್ಡ ಗಾಲಿಯನ್ನು ಎಳೆಯುತ್ತಿತ್ತು. ನಾಬ್ ಹಲವು ಸುತ್ತು ತಿರುಗಿದರೆ ಒಳಗೆ ಸ್ಟೇಷನ್ ಆರಿಸುವ ಗ್ಯಾಂಗ್ ಕಂಡೆನ್ಸರ್ ಅರ್ಧ ಸುತ್ತು ತಿರುಗುವುದು, ಮುಳ್ಳು ಗಾಜಿನ ಈ ತುದಿಯಿಂದ ಆ ತುದಿಗೆ ಸರಿಯುವುದು. ಒಳ್ಳೆಯ ಸೆಟ್‌ಗಳಲ್ಲಿ ಕಡ್ಡಿಗೆ ಭಾರದ ಗಾಲಿಯನ್ನೂ ಕೂರಿಸುತ್ತಿದ್ದರು, ಒಮ್ಮೆ ತಳ್ಳಿದರೆ ಮುಳ್ಳು ತಾನೇ ದೂರ ಓಡುತ್ತಿತ್ತು. ಇನ್ನೂ ಒಳ್ಳೆಯವುಗಳಲ್ಲಿ ಬ್ಯಾಂಡ್‌ಸ್ಪ್ರೆಡ್ ಇರುತ್ತಿತ್ತು: ಒಂದೇ ಮೀಟರ್ ಬ್ಯಾಂಡನ್ನು ಇಡೀ ಡಯಲ್ ಉದ್ದಕ್ಕೆ ಎಳೆದು ಹರಡುವ ಏರ್ಪಾಡು. ಮುಂದೆ ಹೊಳೆಯುತ್ತಿದ್ದ ಹಸಿರು ಕಣ್ಣೂ ಒಂದು ವಾಲ್ವೇ. ಸ್ಟೇಷನ್ ನಡುಮಧ್ಯಕ್ಕೆ ಸಿಕ್ಕಿತೇ ಎಂಬುದನ್ನು ಕಣ್ಣಿಗೆ ತೋರಿಸುವುದು ಅದರ ಕೆಲಸ. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ರೇಡಿಯೊ ವಾಲ್ವ್‌ಗಳನ್ನು ಇಲ್ಲಿಯೇ ತಯಾರಿಸುತ್ತಿತ್ತು ಎಂಬುದನ್ನು ಈ ಮಾತಿನ ಜೊತೆಗೆ ನೆನೆಯಬೇಕು.

ಹೊಸ ಪೆಟ್ಟಿಗೆಯ ಒಳಗೆ ಏನಿದೆ? ಅಗ್ಗದವುಗಳಲ್ಲಿ ಒಂದೇ ಐಸಿ ಸುತ್ತ ಕಟ್ಟಿದ ಸಾದಾ ಸೂಪರ್‌ಹೆಟ್. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಈ ಉಪಾಯದಲ್ಲಿ, ಬಂದ ಅಲೆ ಯಾವುದೇ ಇರಲಿ, ಅದನ್ನು ಮೊದಲು 455 ಕಿಲೋಹರ್ಟ್ಸ್ ಎಂಬ ಒಂದೇ ನಡು ಆವರ್ತನಕ್ಕೆ ಇಳಿಸಿ ಆಮೇಲೆ ಹಿಗ್ಗಿಸುತ್ತಾರೆ. ಉಪಾಯ ಅದ್ಭುತ, ಆದರೆ ಶಾರ್ಟ್‌ವೇವ್‌ನಲ್ಲಿ ಅದಕ್ಕೊಂದು ತೊಡಕಿದೆ. 9,690ರಲ್ಲಿರುವ ಜೋರಾದ ಸ್ಟೇಷನ್, 455ರ ಎರಡರಷ್ಟು ಅಂದರೆ 910 ಕಿಲೋಹರ್ಟ್ಸ್ ಕೆಳಗೆ, 8,780ರಲ್ಲೂ ಕೇಳಿಸುತ್ತದೆ. ಒಂದೇ ಸ್ಟೇಷನ್ ಎರಡು ಕಡೆ ಬರುತ್ತಿದೆ ಎಂದು ಹಿಗ್ಗಬೇಡಿ. ಎರಡನೆಯದು ನೆರಳು, ಅದು ಅಲ್ಲಿರುವ ನಿಜವಾದ ಸ್ಟೇಷನ್ನನ್ನು ಮುಚ್ಚಿಹಾಕುತ್ತದೆ. ಹಳೆಯ ದೊಡ್ಡ ಸೆಟ್‌ಗಳಲ್ಲಿ ಮುಂದೆ ಇನ್ನೊಂದು ಶ್ರುತಿ ಹಂತ ಸೇರಿಸಿ ಈ ನೆರಳನ್ನು ತಗ್ಗಿಸುತ್ತಿದ್ದರು.

ಎರಡನೇ ಬಗೆಯವು ಸಂಕೇತವನ್ನು ಅಂಕಿಗಳಾಗಿಸಿ ಸಂಸ್ಕರಿಸುವ ಡಿಎಸ್‌ಪಿ ಐಸಿ ಇರುವಂಥವು. ಸಿಲಿಕಾನ್ ಲ್ಯಾಬ್ಸ್ ಕಂಪನಿಯ ಎಸ್‌ಐ4825, ಎಸ್‌ಐ4836 ಇಂಥವು. ಇವುಗಳಲ್ಲಿ ನಾಬ್ ಇದೆ, ಮುಳ್ಳೂ ಸರಿಯುತ್ತದೆ, ಗ್ಯಾಂಗ್ ಮಾತ್ರ ಇಲ್ಲ. ನಾಬ್ ತಿರುಗಿಸುವುದು ವಾಲ್ಯೂಮ್‌ಗೆ ಹಾಕುವಂಥ ಒಂದು ರೆಸಿಸ್ಟರನ್ನು. ಅದರ ವೋಲ್ಟೇಜ್ ಓದಿಕೊಂಡು ಯಾವ ಆವರ್ತನ ಎಂದು ಐಸಿ ನಿರ್ಧರಿಸುತ್ತದೆ, ಉಳಿದದ್ದನ್ನು ಗಣಿತದಿಂದ ಮಾಡುತ್ತದೆ. ಹಳಬರು ಇದನ್ನು ನಕಲಿ ಎನ್ನುವುದುಂಟು. ನಾನು ಒಪ್ಪುವುದಿಲ್ಲ. ನೆರಳು ಸ್ಟೇಷನ್‌ಗಳ ಕಾಟ ಇದರಲ್ಲಿ ಬಹಳ ಕಡಿಮೆ, ಸ್ಟೇಷನ್ ಜಾರುವುದೂ ಇಲ್ಲ. ತಯಾರಕರು ಪ್ರತಿ ಮೀಟರ್ ಬ್ಯಾಂಡಿಗೂ ಬೇರೆ ಸ್ವಿಚ್ ಜಾಗ ಕೊಟ್ಟಿದ್ದರೆ, ಹಳೆಯ ದುಬಾರಿ ಸೆಟ್‌ಗಳ ಬ್ಯಾಂಡ್‌ಸ್ಪ್ರೆಡ್ ಕಡಿಮೆ ದುಡ್ಡಿಗೆ ಸಿಕ್ಕಂತೆ. ಹಿಂದಿನ ರೂಪಕ್ಕೆ ಹಿಂದಿನ ಗುಣವನ್ನು ಮರಳಿ ಕೊಟ್ಟದ್ದು ಈ ಪುಟ್ಟ ಐಸಿ.

ಮರದ ಪೆಟ್ಟಿಗೆ ಮತ್ತು ದೊಡ್ಡ ಸ್ಪೀಕರ್ ಬಗ್ಗೆಯೂ ಒಂದು ಮಾತು. ಶಾರ್ಟ್‌ವೇವ್ ದನಿಯಲ್ಲಿ ಸುಮಾರು 5 ಕಿಲೋಹರ್ಟ್ಸ್ ಮೇಲಿನ ಸ್ವರಗಳು ಇರುವುದೇ ಇಲ್ಲ. ಅಂಗೈಯಷ್ಟಿನ ಪ್ಲಾಸ್ಟಿಕ್ ರೇಡಿಯೊದಲ್ಲಿ ಆ ದನಿ ಕೀರಲಾಗಿ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ನಾಲ್ಕೈದು ಇಂಚಿನ ಸ್ಪೀಕರ್ ಮರದ ಪೆಟ್ಟಿಗೆಯಲ್ಲಿ ಕುಳಿತರೆ ತಗ್ಗಿನ ಸ್ವರಗಳು ತುಂಬಿಕೊಂಡು ಮಾತು ಮೈದುಂಬಿ ಬರುತ್ತದೆ. ಮೇಜಿನ ರೇಡಿಯೊ ಇಷ್ಟಪಡಲು ನನಗೆ ಇದೇ ದೊಡ್ಡ ಕಾರಣ.

ಕೊಳ್ಳುವ ಮೊದಲು, ಕೊಂಡ ಮೇಲೆ

ಅಂದ ನೋಡಿ ಕೊಳ್ಳುವವರು ಮೊದಲು ಶಾರ್ಟ್‌ವೇವ್ ಇದೆಯೇ ಎಂದು ಖಚಿತಮಾಡಿಕೊಳ್ಳಬೇಕು. ಹೆನ್ರಿ ಕ್ಲಾಸ್ ರೂಪಿಸಿ 2000ದಲ್ಲಿ ಬಂದ ಟಿವೊಲಿ ಮಾಡೆಲ್ ಒನ್ ಒಳ್ಳೆಯ ದನಿಗೆ ಹೆಸರಾದದ್ದು, ಶಾರ್ಟ್‌ವೇವ್ ಇಲ್ಲ. 2017ರಲ್ಲಿ ಬಂದು ಮನೆಮಾತಾದ ಸರೆಗಮ ಕಾರವಾನ್ ಹಾಡು ತುಂಬಿಸಿಕೊಂಡ ಪೆಟ್ಟಿಗೆ, ಅದರಲ್ಲೂ ಇಲ್ಲ. ಪ್ಯಾನಸೋನಿಕ್ ಆರ್‌ಎಫ್-562ಡಿ ಚಿಕ್ಕದು, ಆದರೆ ಎಸ್‌ಡಬ್ಲ್ಯು ಇದೆ. ಟೆಕ್‌ಸನ್ ಬಿಸಿಎಲ್-3000 ಮರದ್ದಲ್ಲ, ಆದರೂ ಹಳೆಯ ದೊಡ್ಡ ರಿಸೀವರುಗಳ ಧಾಟಿಯಲ್ಲಿ ಉದ್ದನೆಯ ಡಯಲ್, ದೊಡ್ಡ ಸ್ಪೀಕರ್, ನಯವಾಗಿ ಹೊಂದಿಸಲು ಬೇರೆ ನಾಬ್, ಆವರ್ತನ ತೋರಿಸುವ ಅಂಕಿಗಳು ಎಲ್ಲವನ್ನೂ ಕೊಟ್ಟಿದೆ. ಸ್ಟೇಷನ್ ಮೆಲ್ಲಗೆ ಜಾರುತ್ತದೆ ಎಂಬುದು ಅದರ ಕುಟುಂಬಕ್ಕೆ ಅಂಟಿದ ದೂರು. ಹೆಸರಿಲ್ಲದ ಮರದ ಪೆಟ್ಟಿಗೆಗಳಲ್ಲಿ ಬ್ಲೂಟೂತ್, ಯುಎಸ್‌ಬಿ, ಎಫ್‌ಎಂ ಎಲ್ಲ ಇದ್ದು ಎಸ್‌ಡಬ್ಲ್ಯುಗೆ ಬೊಟ್ಟಿನಷ್ಟು ಜಾಗ ಬಿಟ್ಟಿದ್ದರೆ ಅದನ್ನು ಎಫ್‌ಎಂ ರೇಡಿಯೊ ಎಂದೇ ತಿಳಿದು ಬೆಲೆ ಕಟ್ಟಿ.

ಹಳೆಯ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ತಾಮ್ರದ ಜಾಲರಿ ಪಟ್ಟಿ ಅನೇಕರಿಗೆ ನೆನಪಿರಬಹುದು. ಅದೇ ಏರಿಯಲ್. ರೇಡಿಯೊ ಒಳಗಿನ ಫೆರೈಟ್ ಕಡ್ಡಿ ಮೀಡಿಯಂವೇವ್‌ಗೆ ಮಾತ್ರ. ಶಾರ್ಟ್‌ವೇವ್‌ಗೆ ಹೊರಗಿನ ತಂತಿ ಬೇಕು. ಐದಾರು ಮೀಟರ್ ಸಾದಾ ವೈರನ್ನು ಕಿಟಕಿಯ ಹೊರಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ರೇಡಿಯೊದ ಏರಿಯಲ್‌ಗೆ ಕ್ಲಿಪ್ ಮಾಡಿದರೆ ಆಗುವ ಬದಲಾವಣೆ ದೊಡ್ಡದು. ಗುಡುಗು ಮಿಂಚಿನ ದಿನ ಅದನ್ನು ಕಳಚಲೇಬೇಕು.

ಈಗಿನ ದೊಡ್ಡ ಶತ್ರು ಮನೆಯೊಳಗೇ ಇದೆ. ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್, ಇವುಗಳ ಸ್ವಿಚಿಂಗ್ ಸರ್ಕ್ಯೂಟುಗಳು ಶಾರ್ಟ್‌ವೇವ್ ಉದ್ದಕ್ಕೂ ಗೊರಗೊರ ಹರಡುತ್ತವೆ. ರೇಡಿಯೊವನ್ನು ಸೆಲ್ ಹಾಕಿ ನಡೆಸಿ, ಕಿಟಕಿ ಬಳಿ ಇಡಿ, ಒಂದೊಂದೇ ಪ್ಲಗ್ ತೆಗೆಯುತ್ತ ಬನ್ನಿ. ಕರೆಂಟ್ ಹೋದ ಹೊತ್ತಿನಲ್ಲಿ ಕೇಳಿದವರಿಗೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಕೇಳಲು ಏನು ಉಳಿದಿದೆ ಎಂಬುದನ್ನೂ ಮುಚ್ಚಿಡಬಾರದು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ 2020ರ ಜನವರಿಯಲ್ಲಿ ನಿಂತಿತು. ರೇಡಿಯೊ ಆಸ್ಟ್ರೇಲಿಯಾ ಅದಕ್ಕಿಂತ ಮೂರು ವರ್ಷ ಮೊದಲೇ ಶಾರ್ಟ್‌ವೇವ್ ಬಿಟ್ಟಿತ್ತು. ಈಗ ಸಂಜೆ ಜೋರಾಗಿ ಸಿಗುವುದು ಚೀನಾ. ಬಿಬಿಸಿಯ ಇಂಗ್ಲಿಷ್ ಸೇವೆಯೂ ಸಿಗುತ್ತದೆ. ಬೆಂಗಳೂರಿನ ಯಲಹಂಕದ ಬಳಿ ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳಿವೆ, ವಿದೇಶ ಸೇವೆಗಾಗಿ ನೆಟ್ಟವು. ಆ ಸೇವೆಯಲ್ಲಿ ಕೊಲ್ಲಿ ದೇಶಗಳ ಕಡೆಗೆ ಕನ್ನಡವೂ ಹೋಗುತ್ತಿತ್ತು. ಅಷ್ಟು ಬಲದ ಪ್ರಸಾರ ಕೆಲವು ನೂರು ಕಿಲೋಮೀಟರ್ ದೂರದ ನಮ್ಮ ಊರಿನಲ್ಲೇ ಮಂದವಾಗಿ ಕೇಳಿಸಬಹುದು, ಏಕೆಂದರೆ ಅದರ ಮೊದಲ ನೆಗೆತ ನಮ್ಮ ತಲೆ ದಾಟಿ ಸಮುದ್ರದಾಚೆ ಇಳಿಯುತ್ತದೆ. 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬಾತುಕೋಳಿ ಕೂಗಿದಂಥ ಮಾತು ಕೇಳಿಸಿದರೆ ಅದು ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಸಂಭಾಷಣೆ. ಅವರು ಬಳಸುವ ಎಸ್‌ಎಸ್‌ಬಿ ಎಂಬ ಪ್ರಸಾರ ವಿಧಾನದ ಸೌಲಭ್ಯವಿಲ್ಲದ ರೇಡಿಯೊದಲ್ಲಿ ಅದು ಬಿಡಿಸಿ ಕೇಳಿಸದು.

ಸ್ಟೇಷನ್ ಕಡಿಮೆಯಾದರೂ ನಾನು ಶಾರ್ಟ್‌ವೇವ್ ಪರ. ಕೇಬಲ್ ಬೇಡ, ಟವರ್ ಬೇಡ, ಚಂದಾ ಇಲ್ಲ, ನೀವು ಏನು ಕೇಳುತ್ತಿದ್ದೀರಿ ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಚಂಡಮಾರುತ ಬಂದು ಫೋನ್ ಸತ್ತ ಊರಿನಲ್ಲೂ ನಾಲ್ಕು ಸೆಲ್ ಇದ್ದರೆ ಹೊರಲೋಕದ ಸುದ್ದಿ ಬರುತ್ತದೆ. ಇಂಥ ಮಾರ್ಗವೊಂದನ್ನು ಹಳತೆಂದು ಕೈಬಿಡುವುದು ಜಾಣತನವಲ್ಲ.

ಹೊಸ ರೇಡಿಯೊ ಮನೆಗೆ ಬಂದ ದಿನ ಮೊದಲು ಮಾಡಬೇಕಾದ ಕೆಲಸ ಇದು. ಚೀನಾದ ಬಿಪಿಎಂ ಎಂಬ ಕೇಂದ್ರ 5, 10 ಮತ್ತು 15 ಮೆಗಾಹರ್ಟ್ಸ್‌ಗಳಲ್ಲಿ ಸೆಕೆಂಡಿಗೊಂದು ಟಿಕ್ ಎಂದು ಸಮಯದ ಸಂಕೇತ ಕಳಿಸುತ್ತದೆ. ಸಂಜೆ ಏಳರ ಮೇಲೆ ಡಯಲ್‌ನ 10ರ ಸುತ್ತ ನಾಬನ್ನು ಮೆಲ್ಲಗೆ ತಿರುಗಿಸಿ ಆ ಟಿಕ್ ಹುಡುಕಿ. ಸಿಕ್ಕ ಜಾಗಕ್ಕೆ ನೇರವಾಗಿ ಡಯಲ್ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಕಾರ್ಖಾನೆಯ ಅಂಕಿ ಎಲ್ಲೇ ಇರಲಿ, ನಿಮ್ಮ ರೇಡಿಯೊದ ನಿಜವಾದ 10 ಮೆಗಾಹರ್ಟ್ಸ್ ಅದು. ಅಲ್ಲಿಂದ ಕೂದಲೆಳೆಯಷ್ಟು ಕೆಳಗೆ ಸರಿದರೆ 31 ಮೀಟರ್ ಬ್ಯಾಂಡ್ ಶುರು.