ಮರುನುಡಿಯುವ ಯಂತ್ರವೂ ಬಾಗಿಲ ಸ್ವರವೂ

ರೇಡಿಯೋ ಎಂದರೆ ನಮ್ಮಲ್ಲಿ ಬಹುಮಂದಿಗೆ ಏಕಮುಖವಾದ ವಿದ್ಯೆ: ನಿಲಯದವರು ನುಡಿಯುವರು, ನಾವು ಕೇಳುವೆವು. ಆದರೆ ಅದೇ ವಿದ್ಯೆಯನ್ನು ಲಾಭಾಪೇಕ್ಷೆಯಿಲ್ಲದೆ, ಕುತೂಹಲದಿಂದಲೂ ಸೇವಾಬುದ್ಧಿಯಿಂದಲೂ ಅಭ್ಯಾಸ ಮಾಡಿ, ಸರ್ಕಾರದ ಪರವಾನಗಿಯನ್ನು ಪಡೆದು, ತಮ್ಮತಮ್ಮಲ್ಲಿ ಸಂಭಾಷಿಸುವ ಒಂದು ವರ್ಗವು ಲೋಕದ ಬಹುತೇಕ ದೇಶಗಳಲ್ಲಿ ಉಂಟು. ಇವರಿಗೆ ಹವ್ಯಾಸಿ ರೇಡಿಯೋಗಾರರೆಂದೂ, ಬಳಕೆಯ ಮಾತಿನಲ್ಲಿ ‘ಹ್ಯಾಂ’ಗಳೆಂದೂ ಹೆಸರು. ಮೈಸೂರಿನವರಿಗೆ ಇಂತಹ ಉತ್ಸಾಹವು ಅಪರಿಚಿತವಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ‘ಆಕಾಶವಾಣಿ’ಯೂ ಒಬ್ಬ ವ್ಯಕ್ತಿಯ ಹವ್ಯಾಸದಿಂದಲೇ ಜನ್ಮತಾಳಿದುದಷ್ಟೆ. ಈ ಹವ್ಯಾಸಿಗಳು ಬಳಸುವ ‘ರಿಪೀಟರ್’ ಎಂಬ ಯಂತ್ರದ ಬಾಗಿಲನ್ನು ತೆರೆಯುವ ಕ್ರಮವೇನೆಂಬುದೇ ಇಲ್ಲಿಯ ವಿಷಯ.

ಕೈಯಲ್ಲಿ ಹಿಡಿಯುವ ಸಣ್ಣ ಪ್ರೇಷಕ ಯಂತ್ರದ ಶಕ್ತಿಯು ಸಾಮಾನ್ಯವಾಗಿ ಐದು ವಾಟಿನಷ್ಟು. ಅದರ ಎರಡು ಮೀಟರಿನ ಅಲೆಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿಯೇ ಹರಿಯುವುವು. ಗುಡ್ಡವಾಗಲಿ ಕಟ್ಟಡಗಳಾಗಲಿ ಅಡ್ಡಬಂದರೆ ಮಾತು ಅಲ್ಲಿಗೆ ನಿಂತುಹೋಗುವುದು. ಆದುದರಿಂದ ಬೆಟ್ಟದ ನೆತ್ತಿಯಲ್ಲಿಯೋ ಎತ್ತರವಾದ ಕಟ್ಟಡದ ಮೇಲೆಯೋ ಒಂದು ಯಂತ್ರವನ್ನು ನಿಲ್ಲಿಸುವರು. ಅದು ಒಂದು ಆವರ್ತದಲ್ಲಿ ಕೇಳಿದುದನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವರ್ತದಲ್ಲಿ ಬಲವಾಗಿ ಮರುನುಡಿಯುವುದು. ಎರಡು ಮೀಟರ್ ಪಟ್ಟಿಯಲ್ಲಿ ಈ ಎರಡು ಆವರ್ತಗಳಿಗೂ ನಡುವೆ ವಾಡಿಕೆಯಾಗಿ 600 ಕಿಲೋಹರ್ಟ್ಸ್ ಅಂತರವಿರುವುದು. ಹೀಗೆ ತಗ್ಗಿನಲ್ಲಿರುವ ಇಬ್ಬರು, ಒಬ್ಬರನ್ನೊಬ್ಬರು ನೇರವಾಗಿ ಮುಟ್ಟಲಾರದವರು, ಬೆಟ್ಟದ ಮೇಲಿನವನ ಬಾಯಿಂದ ಮಾತನಾಡಿಕೊಳ್ಳುವರು.

ಈ ಮಧ್ಯಸ್ಥನಿಗೆ ಕಿವಿ ಉಂಟು, ವಿವೇಕವಿಲ್ಲ. ತನ್ನ ಆವರ್ತದಲ್ಲಿ ಯಾವ ಅಲೆ ಬಂದರೂ ಅದು ಬಾಯಿ ತೆರೆಯುವುದು. ದೂರದ ಇನ್ನೊಂದು ಊರಿನಲ್ಲಿ ಅದೇ ಆವರ್ತವನ್ನು ಬಳಸುವ ಬೇರೊಂದು ರಿಪೀಟರಿಗೆಂದು ಕಳುಹಿಸಿದ ಮಾತಾಗಲಿ, ಪಕ್ಕದ ಪ್ರೇಷಕಗಳ ಅಲೆಗಳು ಬೆರೆತು ಹುಟ್ಟಿದ ಕೃತಕವಾದ ಸದ್ದಾಗಲಿ ಅದಕ್ಕೆ ಒಂದೇ. ನಿಷ್ಪ್ರಯೋಜಕವಾದ ಗೊರಗೊರ ಶಬ್ದವನ್ನು ಊರಿಗೆಲ್ಲ ಸಾರುತ್ತ, ವಿದ್ಯುಚ್ಛಕ್ತಿಯನ್ನೂ ಕೇಳುವವರ ತಾಳ್ಮೆಯನ್ನೂ ಅದು ವ್ಯಯಮಾಡುವುದು. ಇದನ್ನು ತಡೆಯಲು ಬಾಗಿಲು ಬೇಕಾಯಿತು; ಬಾಗಿಲಾದ ಮೇಲೆ ಬೀಗದ ಕೈಯೂ ಬೇಕಾಯಿತು. ಆ ಬೀಗದ ಕೈಯೇ ಸ್ವರ.

ಯೂರೋಪಿನಲ್ಲಿ ಬಹುಕಾಲ ರೂಢಿಯಲ್ಲಿದ್ದುದು ಸರಳವಾದ ಕ್ರಮ. ಮಾತಿಗೆ ಮೊದಲು ಗುಂಡಿಯನ್ನೊತ್ತಿ 1750 ಹರ್ಟ್ಸಿನ ಒಂದು ನಾದವನ್ನು ಅರ್ಧ ಸೆಕೆಂಡಿನಷ್ಟು ಕಾಲ ಕಳುಹಿಸಿದರೆ ರಿಪೀಟರ್ ಎಚ್ಚರಗೊಳ್ಳುವುದು. ಇದು ಕಿವಿಗೆ ಸ್ಪಷ್ಟವಾಗಿ ಕೇಳುವ ನಾದ. ಶ್ರುತಿಜ್ಞಾನವುಳ್ಳವರು ಬರಿಯ ಶಿಳ್ಳಿನಿಂದಲೇ ಇದನ್ನು ತೆರೆದುದುಂಟು. ಇದರ ಕೊರತೆಯೆಂದರೆ, ಒಮ್ಮೆ ಬಾಗಿಲು ತೆರೆದರೆ ಅನಂತರ ಒಳನುಗ್ಗುವವರು ಯಾರೆಂಬುದನ್ನು ಕೇಳುವವರಿಲ್ಲ. ತಟ್ಟಿದವರಿಗೆಲ್ಲ ತೆರೆಯುವ ಕದವಿದು.

ಎರಡನೆಯ ಕ್ರಮವು ಅಮೆರಿಕದಲ್ಲಿ ವ್ಯಾಪಾರದ ರೇಡಿಯೋಗಳಿಗಾಗಿ ಬೆಳೆದುದು. ಈಗ ಬಹುಮಟ್ಟಿಗೆ ಎಲ್ಲೆಡೆಯೂ ಹರಡಿದೆ. ಇದನ್ನು ಸಿ.ಟಿ.ಸಿ.ಎಸ್.ಎಸ್. ಎಂಬ ಅಕ್ಷರಗಳಿಂದ ಕರೆಯುವರು. ಇಲ್ಲಿ ಮಾತು ಸಾಗುತ್ತಿರುವಷ್ಟು ಹೊತ್ತೂ ಅದರ ಕೆಳಗೆ ಒಂದು ಮಂದ್ರಸ್ವರವು ಎಡೆಬಿಡದೆ ಮಿಡಿಯುತ್ತಿರುವುದು. ಗಾಯಕನ ಹಿಂದೆ ತಂಬೂರಿ ಇರುವಂತೆ ಎಂದರೆ ತಪ್ಪಾಗದು. ಈ ಸ್ವರಗಳು 67.0 ಹರ್ಟ್ಸಿನಿಂದ 254.1 ಹರ್ಟ್ಸಿನವರೆಗೆ ಗೊತ್ತಾದ ಮೆಟ್ಟಿಲುಗಳಲ್ಲಿರುವುವು. ಅತ್ಯಂತ ಕೆಳಗಿನದು ಪುರುಷಕಂಠಕ್ಕೆ ಶ್ರುತಿಗೂಡಿಸಿದ ತಂಬೂರಿಯ ಮಂದ್ರಷಡ್ಜದ ಸಮೀಪದ್ದು. ಆದರೆ ಶ್ರುತಿಯನ್ನು ಸಭೆಯು ಕೇಳುವುದು, ಇದನ್ನು ಕೇಳದು. ದೂರವಾಣಿಯ ಮಾತಿಗೆ 300ರಿಂದ 3000 ಹರ್ಟ್ಸಿನವರೆಗಿನ ನಾದಗಳೇ ಸಾಕಾಗಿರುವುದರಿಂದ, ಗ್ರಾಹಕ ಯಂತ್ರವು 300ಕ್ಕೆ ಕೆಳಗಿನದನ್ನೆಲ್ಲ ಸೋಸಿಬಿಡುವುದು. ಮೇಲಾಗಿ ಆ ಸ್ವರವನ್ನು ಬಹಳ ಮೆಲ್ಲಗೆ, ಮಾತಿನ ಬಲದ ಹತ್ತನೆಯ ಒಂದು ಪಾಲಿನಷ್ಟು ಅಥವಾ ಸ್ವಲ್ಪ ಹೆಚ್ಚಾಗಿ, ಬೆರಸಿರುವರು.

ರಿಪೀಟರಿನ ಒಳಗಿನ ಪರೀಕ್ಷಕ ಭಾಗವು ತನಗೆ ನಿಯಮಿಸಿದ ಒಂದೇ ಸ್ವರಕ್ಕೆ ಓಗೊಡುವುದು. 77.0 ಎಂದು ಗೊತ್ತುಮಾಡಿದ್ದರೆ 82.5 ಅದಕ್ಕೆ ಕೇಳಿಸಿದರೂ ಕೇಳಿಸದಂತೆಯೇ. ಸ್ವರವು ನಿಂತೊಡನೆ ಬಾಗಿಲು ಮುಚ್ಚುವುದು. ಆದರೆ ಇಷ್ಟು ನಿಧಾನವಾದ ಕಂಪನಗಳನ್ನು ಗುರುತಿಸಲು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಹಿಡಿಯಬಹುದು. ಗುಂಡಿಯನ್ನು ಒತ್ತಿದೊಡನೆ ಮಾತನಾಡಿದವರ ಮೊದಲ ಅಕ್ಷರಗಳು ನುಂಗಿಹೋಗುವುದು ಈ ಕಾರಣದಿಂದಲೇ. ಒತ್ತಿ, ಒಂದು ಉಸಿರು ತಡೆದು, ಅನಂತರ ನುಡಿಯುವುದು ಮೇಲು. ಸ್ವರವನ್ನು ಆರಿಸುವವರೂ ಎಚ್ಚರದಿಂದಿರಬೇಕು. ನಮ್ಮ ದೇಶದ ಮನೆವಿದ್ಯುತ್ತು 50 ಹರ್ಟ್ಸಿನದು. ಅದರ ಎರಡರಷ್ಟಾದ 100ರ ಗುಂಯ್‌ಗುಟ್ಟುವಿಕೆಯು ಕಳಪೆ ಯಂತ್ರಗಳಲ್ಲಿ ನುಸುಳುವುದುಂಟು. ಪಟ್ಟಿಯಲ್ಲಿ 100.0 ಎಂಬ ಸ್ವರವಿದ್ದರೂ ಇಲ್ಲಿ ಅದನ್ನು ಬಿಡುವುದು ಲೇಸು.

ಬೀಗದ ಕೈಗಳು ಇನ್ನೂ ಉಂಟು. ದೂರವಾಣಿಯ ಗುಂಡಿಗಳಂತೆ ಏಕಕಾಲಕ್ಕೆ ಎರಡೆರಡು ನಾದಗಳನ್ನು ಕಳುಹಿಸಿ, ಅಂಕಿಗಳ ಗುಟ್ಟಿನಿಂದ ತೆರೆಯುವುದೊಂದು. ಸ್ವರಕ್ಕೆ ಬದಲಾಗಿ ಸೆಕೆಂಡಿಗೆ 134.4 ಚಿಹ್ನೆಗಳ ವೇಗದಲ್ಲಿ 23 ಚಿಹ್ನೆಗಳ ಒಂದು ಸಂಕೇತವನ್ನು ಮರಳಿಮರಳಿ ಜಪಿಸುವುದು ಮತ್ತೊಂದು. ತತ್ತ್ವವು ಎಲ್ಲಕ್ಕೂ ಒಂದೇ.

ಈ ತತ್ತ್ವದ ರಮ್ಯವಾದ ನಿದರ್ಶನವು ಭೂಮಿಯ ಮೇಲಲ್ಲ, ಅಂತರಿಕ್ಷದಲ್ಲಿ ದೊರೆಯುವುದು. 2002ರ ಡಿಸೆಂಬರಿನಲ್ಲಿ ಉಡಾಯಿಸಿದ, ಸೌದಿ ಅರೇಬಿಯದವರ ಸಣ್ಣ ಉಪಗ್ರಹವೊಂದು ಹವ್ಯಾಸಿಗಳಲ್ಲಿ ಎಸ್‌ಒ-50 ಎಂದು ಪ್ರಸಿದ್ಧವಾಯಿತು. ಅದರೊಳಗಿನ ರಿಪೀಟರ್ ಬರಿದೆ ಉರಿಯುತ್ತಿದ್ದರೆ ಅದರ ಬ್ಯಾಟರಿ ಸವೆಯುವುದು. ಆದುದರಿಂದ ಅದಕ್ಕೆ ಎರಡು ಬೀಗಗಳನ್ನಿಟ್ಟರು. ನೆಲದಿಂದ 74.4 ಹರ್ಟ್ಸಿನ ಸ್ವರವನ್ನು ಕಳುಹಿಸಿದರೆ ಹತ್ತು ನಿಮಿಷಗಳ ಗಡಿಯಾರವೊಂದು ಅಲ್ಲಿ ನಡೆಯಲಾರಂಭಿಸುವುದು. ಆ ಹತ್ತು ನಿಮಿಷಗಳೊಳಗೆ ಮಾತನಾಡುವವರು 67.0ರ ಸ್ವರವನ್ನು ಮಾತಿನೊಡನೆ ಕೂಡಿಸಬೇಕು. 2020ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಆರಂಭವಾದ ಹವ್ಯಾಸಿ ರಿಪೀಟರಿಗೂ 67.0ರ ಸ್ವರವನ್ನೇ ಗೊತ್ತುಮಾಡಿದರು. ಒಬ್ಬ ವಿದ್ಯಾರ್ಥಿಯು ಮಾಳಿಗೆಯ ಮೇಲೆ ನಿಂತು, ಕಿವಿಗೆ ಕೇಳಿಸದ ಒಂದು ಶ್ರುತಿಯಿಂದ ಆಕಾಶದ ಕದವನ್ನು ತಟ್ಟುವುದು ಸಾಮಾನ್ಯವಾದ ವಿಷಯವಲ್ಲ.

ಈ ಸ್ವರದ ಬಗೆಗೆ ಎರಡು ಭ್ರಾಂತಿಗಳು ಹಬ್ಬಿವೆ. ಮೊದಲನೆಯದು, ಇದರಿಂದ ಮಾತು ಗುಟ್ಟಾಗುವುದೆಂಬುದು. ಮೊಟೊರೋಲಾ ಕಂಪನಿಯವರು ಇದಕ್ಕೆ ‘ಪ್ರೈವೇಟ್ ಲೈನ್’ ಎಂಬ ಹೆಸರನ್ನಿಟ್ಟುದು ಈ ಭ್ರಾಂತಿಯನ್ನು ಬೆಳೆಸಿತು. ವಾಸ್ತವವಾಗಿ ಸ್ವರವು ಮಾತನ್ನು ಮರೆಮಾಡುವುದಿಲ್ಲ. ಗ್ರಾಹಕವುಳ್ಳವರೆಲ್ಲರೂ ಅದನ್ನು ಕೇಳಬಲ್ಲರು. ಎರಡನೆಯದು, ಸ್ವರವಿದ್ದರೆ ಘರ್ಷಣೆಯಿಲ್ಲವೆಂಬುದು. ನಮ್ಮ ಗ್ರಾಹಕಕ್ಕೂ ಸ್ವರದ ಬೀಗವನ್ನು ಹಾಕಿಕೊಂಡರೆ ಅನ್ಯರ ಮಾತು ನಮಗೆ ಕೇಳದು. ಆದರೆ ಅವರು ಅಲ್ಲಿ ಇಲ್ಲವೆಂದಲ್ಲ. ಕಣ್ಣು ಮುಚ್ಚಿಕೊಂಡು ಬೀದಿಯನ್ನು ದಾಟುವವನಂತೆ ನಾವು ಇನ್ನೊಬ್ಬರ ಮಾತಿನ ಮೇಲೆ ನುಗ್ಗುವೆವು. ಆದುದರಿಂದ ಹೊಸಬರು ಸ್ವರವನ್ನು ಕಳುಹಿಸುವ ಏರ್ಪಾಡನ್ನು ಮಾತ್ರ ಮಾಡಿಕೊಂಡು, ಕೇಳುವ ಕಿವಿಯನ್ನು ತೆರೆದಿಟ್ಟುಕೊಳ್ಳತಕ್ಕದ್ದು.

ಇನ್ನು ಗಂಭೀರವಾದ ಮಾತೊಂದು ಉಳಿದಿದೆ. ಚಂಡಮಾರುತ, ಭೂಕಂಪ, ಪ್ರವಾಹಗಳಲ್ಲಿ ತಂತಿಗಳೂ ಗೋಪುರಗಳೂ ಉರುಳಿದಾಗ ಹವ್ಯಾಸಿಗಳ ನೆರವನ್ನು ನಾಡು ಬಯಸುವುದು. ಅಂತಹ ಹೊತ್ತಿನಲ್ಲಿ ಪರವೂರಿನಿಂದ ಬಂದ ಒಬ್ಬನು, ಸರಿಯಾದ ಆವರ್ತವನ್ನು ಹಿಡಿದು, ಸ್ವರವೊಂದನ್ನು ಮಾತ್ರ ಅರಿಯದೆ ಕೂಗುತ್ತಿರುವನೆಂದು ಭಾವಿಸಿ. ಅವನ ಧ್ವನಿ ಬೆಟ್ಟವನ್ನು ತಲುಪುವುದು; ಯಂತ್ರವು ಸುಮ್ಮನಿರುವುದು. ‘ಒಲ್ಲೆ’ ಎಂಬ ಉತ್ತರವೂ ಅವನಿಗೆ ದೊರೆಯದು. ತನ್ನ ಯಂತ್ರ ಕೆಟ್ಟಿತೋ, ಬೆಟ್ಟದ ಯಂತ್ರ ಸತ್ತಿತೋ, ಬಾಗಿಲು ಮಾತ್ರ ಹಾಕಿದೆಯೋ ಎಂಬುದನ್ನು ಅವನು ತಿಳಿಯಲಾರನು. ಮೂರಕ್ಕೂ ಮೌನವೊಂದೇ ಉತ್ತರ. ಸದ್ದನ್ನು ತಡೆಯಲೆಂದು ಇಟ್ಟ ಬೀಗವು ಮೊರೆಯನ್ನೂ ತಡೆಯಿತು.

ಇದಕ್ಕೆ ಪರಿಹಾರವು ಬೀಗವನ್ನು ಕಿತ್ತೆಸೆಯುವುದಲ್ಲ, ಕೀಲಿಕೈಯನ್ನು ಎಲ್ಲರಿಗೂ ಕಾಣುವೆಡೆ ತೂಗುಹಾಕುವುದು. ಬ್ರಿಟನ್ನಿನವರು ಪ್ರದೇಶಗಳಿಗೆ ತಕ್ಕಂತೆ ಸ್ವರಗಳನ್ನು ಹಂಚಿ, ಒಂದೊಂದಕ್ಕೆ ಒಂದೊಂದು ಅಕ್ಷರವನ್ನು ಗೊತ್ತುಮಾಡಿದರು: 77.0ಕ್ಕೆ ‘ಸಿ’, 82.5ಕ್ಕೆ ‘ಡಿ’ ಎಂಬಂತೆ. ರಿಪೀಟರ್ ತನ್ನ ಹೆಸರನ್ನು ಮೋರ್ಸ್ ಸಂಕೇತದಲ್ಲಿ ಸಾರುವಾಗ ಆ ಅಕ್ಷರವನ್ನೂ ಕೊನೆಯಲ್ಲಿ ಸೇರಿಸುವುದು. ಬಾಗಿಲೇ ತನ್ನ ಬೀಗದ ಕೈ ಯಾವುದೆಂದು ಹೇಳುವ ಸೌಜನ್ಯವಿದು. ಅನೇಕ ಯಂತ್ರಗಳು ತಾವು ಹೊರಡಿಸುವ ಅಲೆಯಲ್ಲಿಯೂ ಅದೇ ಸ್ವರವನ್ನು ಬೆರಸುವುವು. ಕೈಯಲ್ಲಿರುವ ಗ್ರಾಹಕಕ್ಕೆ ಸ್ವರವನ್ನು ಶೋಧಿಸುವ ಏರ್ಪಾಡಿದ್ದರೆ ಅಪರಿಚಿತನೂ ಅದನ್ನು ಕಂಡುಕೊಳ್ಳಬಹುದು. ರಿಪೀಟರನ್ನು ನಡೆಸುವ ಸಂಘಗಳು ತಮ್ಮ ಸ್ವರವನ್ನು ಅಚ್ಚುಮಾಡಿಸಿ ಹಂಚಬೇಕು. ವಿಪತ್ತಿನ ದಿನಗಳಲ್ಲಿ ಬೀಗವನ್ನು ತೆಗೆದಿಡುವ ಅಧಿಕಾರ ಯಾರದೆಂಬುದನ್ನು ಮೊದಲೇ ನಿರ್ಣಯಿಸಿರಬೇಕು. ಹೊಸ್ತಿಲಿಗೆ ಬಂದ ಅತಿಥಿಯನ್ನು ಗುರುತಿಸುವುದಕ್ಕಾಗಿ ಬಾಗಿಲನ್ನು ಇಟ್ಟೆವೇ ಹೊರತು ಅವನನ್ನು ಮಳೆಯಲ್ಲಿ ನಿಲ್ಲಿಸುವುದಕ್ಕಲ್ಲ.