ಬದಲಾದ ಮರದ ಮನೆ ಹಳೆಯದೇ?

ಪ್ರಶ್ನೆ: ಹಳೆಯ ಮರದ ವಾಡೆಗಳನ್ನು ಪ್ರತಿ ತಲೆಮಾರೂ ಬದಲಿಸುತ್ತ ಬರುತ್ತದೆ. ಅವನ್ನು ಹಳೆಯ ಮನೆ ಎನ್ನಬಹುದೆ?
– ಓದುಗರು, ಕಳಮೇಶ್ವರ (ನಾಗಪುರ)

ಉತ್ತರ: ಖಂಡಿತ ಎನ್ನಬಹುದು; ಇಂಥ ಮನೆಯ ವಯಸ್ಸನ್ನು ನೋಡಬೇಕಾದ್ದು ಚೌಕಟ್ಟಿನಲ್ಲಿ. ಭಾರ ಹೊರುವುದು ಕಂಬ, ಬೋದಿಗೆ, ತೊಲೆ; ಅವುಗಳ ನಡುವೆ ತುಂಬಿದ ಗೋಡೆಯನ್ನು ಕೆಡವಿ ಕಟ್ಟಿದರೂ ಮನೆ ನಿಲ್ಲುತ್ತದೆ. ಬದಲಾವಣೆಯೂ ಗುರುತು ಬಿಡುತ್ತದೆ: ತೊಲೆಯಲ್ಲಿ ಖಾಲಿ ಜೋಡಣೆ ತೂತು ಕಂಡರೆ, ಹಿಂದೆ ಅಲ್ಲೊಂದು ಮರ ಕೂತಿತ್ತೇ ಎಂದು ಹುಡುಕಬೇಕು. ಇಂಗ್ಲೆಂಡಿನ ಲಿಟಲ್ ಮೋರ್ಟನ್ ಹಾಲ್ ಎಂಬ ಮರದ ಚೌಕಟ್ಟಿನ ಮನೆ 1500ರ ಆಸುಪಾಸಿನಲ್ಲಿ ಶುರುವಾಗಿ ಸುಮಾರು ನೂರು ವರ್ಷ ಬೆಳೆಯಿತು. ಮೇಲೇರಿಸಿದ ಉದ್ದನೆಯ ಪಡಸಾಲೆ, ಕಲ್ಲುಚಪ್ಪಡಿಯ ಚಾವಣಿಗಳ ಭಾರಕ್ಕೆ ಕೆಳಗಿನ ಮರ ಬಾಗಿದೆ. ಅದೂ ಆ ಮನೆಯ ಚರಿತ್ರೆಯ ಸಾಕ್ಷಿಯೇ.

ಎಲ್ಲವೂ ಬದಲಾದರೆ ಹಳೆಯದೆಂದು ಉಳಿಯುವುದೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಉಳಿಯಬೇಕಾದ್ದು ಚೌಕಟ್ಟು. ಬೆಂಗಳೂರಿನ ಟಿಪ್ಪು ಅರಮನೆಯನ್ನು ಹೈದರಾಲಿ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಮುಂದೆ ಅದು 1868ರವರೆಗೆ ಸರ್ಕಾರಿ ಕಚೇರಿಯಾಗಿತ್ತು. ಬಳಕೆ ಬದಲಾದರೂ ಕಲ್ಲಿನ ಪೀಠದ ಮೇಲಿನ ತೇಗದ ಕಂಬಸಾಲು ನಿಂತಿದೆ. ಆದ್ದರಿಂದ ಕಂಬದ ಕೊಳೆತ ಬುಡವನ್ನಷ್ಟೇ ತೆಗೆದು ಹೊಸ ಮರ ಬೆಸೆದರೆ ಅದು ದುರಸ್ತಿ. ಚೌಕಟ್ಟನ್ನೇ ಕಿತ್ತು ಕಾಂಕ್ರೀಟ್ ಹಾಕಿ ಹಳೆಯ ಬಾಗಿಲು ಕೂರಿಸಿದರೆ ಅದು ಹೊಸ ಮನೆ.