ಹೊಗೆ ಸರಿಸಿದ ಜೋಡಿ

ನಡುಹಗಲಲ್ಲೂ ಬೀದಿದೀಪ ಉರಿಸಬೇಕಾಗುತ್ತಿದ್ದ ಊರೊಂದಿತ್ತು: ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗ್. ಕಲ್ಲಿದ್ದಲ ಹೊಗೆಗೆ ಮಸಿ ಹಿಡಿದ ಅಂಗಿಯನ್ನು ಕಚೇರಿ ನೌಕರರು ಮಧ್ಯಾಹ್ನವೇ ಬದಲಿಸುತ್ತಿದ್ದರಂತೆ.

ಹೊಗೆ ತಡೆಯುವ ಕಾನೂನು 1941ರಲ್ಲೇ ಬಂದಿದ್ದರೂ ಯುದ್ಧದ ನೆಪದಲ್ಲಿ ಮೂಲೆ ಸೇರಿತ್ತು. ಅದನ್ನು ಜಾರಿಗೆ ತಂದವರು 1946ರಲ್ಲಿ ಮೇಯರ್ ಆದ ಡೇವಿಡ್ ಲಾರೆನ್ಸ್. ಅವರು ಡೆಮಾಕ್ರಟಿಕ್ ಪಕ್ಷದವರು. ಬೆನ್ನಿಗೆ ನಿಂತ ಬ್ಯಾಂಕ್ ಒಡೆಯ ರಿಚರ್ಡ್ ಕಿಂಗ್ ಮೆಲನ್ ರಿಪಬ್ಲಿಕನ್. ಎಣ್ಣೆ ಸೀಗೆಕಾಯಿಯಂತಿರಬೇಕಿದ್ದ ಇಬ್ಬರನ್ನು ಕೂಡಿಸಿದ್ದು ಆದರ್ಶವೇನಲ್ಲ, ಭಯ. ಕಂಪನಿಗಳು ಊರು ಬಿಟ್ಟರೆ ಮೇಯರ್‌ಗೆ ತೆರಿಗೆಯಿಲ್ಲ, ಮೆಲನ್‌ರ ಆಸ್ತಿಗೆ ಬೆಲೆಯಿಲ್ಲ.

ಅದೇ ವರ್ಷ ಹುಟ್ಟಿದ ನಗರ ಪುನರಭಿವೃದ್ಧಿ ಪ್ರಾಧಿಕಾರಕ್ಕೆ ಲಾರೆನ್ಸ್ ಅವರೇ ಅಧ್ಯಕ್ಷರು. ಕಾನೂನಿನ ಬಲದಿಂದ ಜಮೀನು ಸ್ವಾಧೀನಪಡಿಸಿಕೊಳ್ಳುವುದು ಪ್ರಾಧಿಕಾರದ ಪಾಲು. ಬಂಡವಾಳ ಹೂಡುವುದು ಉದ್ಯಮದ ಪಾಲು. ನದಿಗಳು ಕೂಡುವ ಮೂಲೆಯ ಬಳಿ ಗೇಟ್‌ವೇ ಸೆಂಟರ್‌ನ ಕಟ್ಟಡಗಳು ಎದ್ದದ್ದು ಹೀಗೆ, ಈಕ್ವಿಟಬಲ್ ಎಂಬ ವಿಮಾ ಕಂಪನಿಯ ಹಣದಲ್ಲಿ. ಆಕಾಶವೂ ತಿಳಿಯಾಯಿತು.

ಆದರೆ ಈ ಒಪ್ಪಂದದ ಮೇಜಿನ ಬಳಿ ಕುರ್ಚಿ ಇದ್ದದ್ದು ಎರಡೇ ಪಕ್ಷಗಳಿಗೆ. 1956ರಿಂದ ಲೋಯರ್ ಹಿಲ್ ಬಡಾವಣೆಯನ್ನು ಕೆಡವಿದಾಗ ಸುಮಾರು 8,000 ಮಂದಿ ನೆಲೆ ಕಳೆದುಕೊಂಡರು. ಹೆಚ್ಚಿನವರು ಕರಿಯರು. ಅಲ್ಲಿ 1961ರಲ್ಲಿ ಸರಿಯುವ ಛಾವಣಿಯ ಭಾರೀ ಕ್ರೀಡಾಂಗಣ ಎದ್ದಿತು. ಸುತ್ತ ಬರಬೇಕಿದ್ದ ಕಲಾಕೇಂದ್ರದ ಬದಲು ಕಾರು ನಿಲ್ಲಿಸುವ ಬಯಲಾಯಿತು. ಇಲ್ಲಿಂದಾಚೆ ಪುನರಭಿವೃದ್ಧಿ ಕೂಡದೆಂದು ಉಳಿದ ನಿವಾಸಿಗಳು ರಸ್ತೆ ಕೂಡುವಲ್ಲಿ ಫಲಕ ನಿಲ್ಲಿಸಿದರು. 2012ರ ಹೊತ್ತಿಗೆ ಆ ಕ್ರೀಡಾಂಗಣವನ್ನೂ ಕೆಡವಿಯಾಗಿತ್ತು.